ಮುಟ್ಟಿ ನೋಡಿ ಸಾ

ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ ಮೂರು ರೂಪಾಯಿಯ ಮಾಸ್ಕು ಇಪ್ಪತ್ತೈದಕ್ಕೆ ಏರಿತು. ಡಾಕ್ಟರುಗಳು ಹಾಕಿಕೊಳ್ಳುವ ದಪ್ಪನೆಯ ಬಿಳಿ ಮಾಸ್ಕು ಇನ್ನೂರೈವತ್ತು. ಗರುಡಾಚಾರ್‌ಪಾಳ್ಯದ ಮೇನ್ ರೋಡಿನ ಡಾಕ್ಟರ್ ಅನಂತರಾಮು ಅವರ ಫೀಸು ನಲವತ್ತಿದ್ದದ್ದು ನೂರಾಯಿತು. ಮಗುವಿಗೆ ಹಂದಿಜ್ವರ ಇಲ್ಲ ಎಂದು ಶಾಲೆಗೆ ಬರೆದುಕೊಡುವ ಚೀಟಿಗೆ ಬೇರೆ ನೂರೈವತ್ತು. ಅವರ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಆಯಾ ಆಗಿದ್ದ ಜಟ್ಟೆಮ್ಮನ ಸಂಬಳ ಎರಡು ಸಾವಿರದ ಇನ್ನೂರು. ಅದು ಏರಲಿಲ್ಲ. ಅವಳ ಕೆಲಸ ಏರಿತು.

ಮೊದಲು ಅವಳ ಕೆಲಸ ಇಷ್ಟಿತ್ತು. ನೆಲ ಒರೆಸಬೇಕು. ಮಕ್ಕಳು ಕಕ್ಕಿದ್ದನ್ನು ಬಳಿಯಬೇಕು. ಉಚ್ಚೆಯಾದ ಬೆಂಚು ತೊಳೆಯಬೇಕು. ಸೂಜಿ ಕಂಡು ಒದೆಯುವ ಮಕ್ಕಳ ಕಾಲು ಗಟ್ಟಿಯಾಗಿ ಹಿಡಿಯಬೇಕು. ಎಷ್ಟೋ ಮಕ್ಕಳು ಅವಳ ಹೊಟ್ಟೆಗೆ ಒದ್ದು ಬೆಳೆದು ಕಾಲೇಜಿಗೆ ಹೋಗಿದ್ದವು.

ಅನಂತರಾಮು ಕೆಟ್ಟ ಡಾಕ್ಟರಲ್ಲ. ಅವರ ಕೈಗುಣ ಚೆನ್ನಾಗಿದೆ ಎಂದು ಕೆ.ಆರ್. ಪುರದ ತನಕ ಜನ ಹೇಳುತ್ತಿದ್ದರು. ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಮಗುವಿನ ಎದೆಗಿಡುತ್ತಿದ್ದರು. ಹೊಟ್ಟೆನೋವು ಅಂದರೆ ನಾಲ್ಕು ಬೆರಳು ಚಪ್ಪಟೆಯಾಗಿಟ್ಟು ನಿಧಾನಕ್ಕೆ ಒತ್ತಿ, ತಟ್ಟನೆ ಬಿಡುತ್ತಿದ್ದರು. ಕಣ್ಣು ಮಾತ್ರ ಮಗುವಿನ ಮುಖದ ಮೇಲೆ. ಒಮ್ಮೆ ಒಳ್ಳೆಯ ಮನಸ್ಸಿನಲ್ಲಿದ್ದಾಗ ಜಟ್ಟೆಮ್ಮನಿಗೆ ಹೇಳಿದ್ದರು. "ಒತ್ತಿದಾಗ ಎಲ್ಲಾ ಮಕ್ಕಳೂ ಅಳ್ತವೆ ಕಣೆ. ಬಿಟ್ಟಾಗ ಯಾವ್ದು ಕಿರುಚುತ್ತೋ, ಅದು ಅರ್ಜೆಂಟು."

ಜಟ್ಟೆಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಿದ್ದಳು.

ಅವಳ ಪ್ಲಾಸ್ಟಿಕ್ ಲೋಟ ಬಾತ್‌ರೂಮಿನ ಕಿಟಕಿಯ ಮೇಲಿತ್ತು. ಹನ್ನೊಂದು ವರ್ಷದಲ್ಲಿ ಅವಳು ಡಾಕ್ಟರ ಕೈಗೆ ಏನನ್ನೂ ಕೊಟ್ಟವಳಲ್ಲ. ಮೇಜಿನ ಅಂಚಿಗೆ ಇಡುತ್ತಿದ್ದಳು, ಅವರು ಎತ್ತಿಕೊಳ್ಳುತ್ತಿದ್ದರು. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿರಲೂ ಇಲ್ಲ.

ಟಿವಿಯಲ್ಲಿ ಪುಣೆಯ ಹಂದಿಜ್ವರದ ಸಾವಿನ ಸುದ್ದಿ ಬಂದ ವಾರವೇ ಡಾಕ್ಟರು ಬಡಗಿಯನ್ನು ಕರೆಸಿದರು. ಬೆಂಚುಗಳಿದ್ದ ಹೊರಕೋಣೆಗೂ ತಮ್ಮ ಒಳಕೋಣೆಗೂ ನಡುವೆ ಚೌಕಟ್ಟು ಹೊಡೆಸಿ ಗಾಜು ಕೂರಿಸಿದರು. ಗಾಜಿನ ಕೆಳಗೆ ರೈಲ್ವೆ ಟಿಕೆಟ್ ಕೌಂಟರಿನಂಥ ಕಿಂಡಿ. ಕಿಂಡಿಯಲ್ಲಿ ಸ್ಟೀಲ್ ತಟ್ಟೆ. ಜನ ತಟ್ಟೆಗೆ ದುಡ್ಡು ಹಾಕಬೇಕು. ಜಟ್ಟೆಮ್ಮ ಅದರ ಮೇಲೆ ಸ್ಪಿರಿಟ್ ಚಿಮುಕಿಸಿ ಒಳಗೆ ತಳ್ಳಬೇಕು. ಒದ್ದೆ ನೋಟನ್ನು ಡಾಕ್ಟರು ಎರಡು ಬೆರಳಲ್ಲಿ ಎತ್ತಿ ಡ್ರಾಯರಿಗೆ ಹಾಕುತ್ತಿದ್ದರು. ನೋಟು ಮುಟ್ಟುತ್ತಿದ್ದರು. ಮಕ್ಕಳನ್ನು ಮುಟ್ಟುತ್ತಿರಲಿಲ್ಲ.

ಮುಟ್ಟುವ ಕೆಲಸ ಜಟ್ಟೆಮ್ಮನಿಗೆ ಬಂತು. ಒಂದು ಟಾರ್ಚು, ಒಂದು ಥರ್ಮಾಮೀಟರು, ದಿನಕ್ಕೆ ಒಂದು ಜೊತೆ ಕೈಗವಸು.

"ಇನ್ಮೇಲೆ ನೀನು ನೋಡಿ ಹೇಳು. ನಾನು ಬರೀತೀನಿ," ಎಂದರು ಡಾಕ್ಟರು.

"ನಂಗೇನ್ ಗೊತ್ತಾಗುತ್ತೆ ಸಾ?"

"ಹನ್ನೊಂದು ವರ್ಷ ನೋಡಿದೀಯಲ್ಲ. ಗಂಟಲು ಕೆಂಪಗಿದ್ಯಾ, ಜ್ವರ ಎಷ್ಟಿದೆ, ಅಷ್ಟೇ. ಮನೇಲಿ ಮೊಮ್ಮಗು ಇದೆ ನಂಗೆ. ನಾನು ರಿಸ್ಕ್ ತಗೊಳಕ್ಕಾಗಲ್ಲ."

ಜಟ್ಟೆಮ್ಮನ ಮನೆಯಲ್ಲೂ ಮೊಮ್ಮಗು ಇತ್ತು. ಅವರು ಕೇಳಲಿಲ್ಲ.

ದಿನಕ್ಕೆ ಎಪ್ಪತ್ತು ಎಂಬತ್ತು ಮಕ್ಕಳು. ಬಾಯಿ ತೆರೆಸಿ ಟಾರ್ಚು ಬಿಟ್ಟರೆ ಮುಖಕ್ಕೇ ಕೆಮ್ಮುತ್ತಿದ್ದವು. ಗೊಣ್ಣೆ ಕೈಗೆ, ಜೊಲ್ಲು ತೋಳಿಗೆ, ಕಕ್ಕಿದ್ದು ಸೀರೆಯ ನೆರಿಗೆಗೆ. ಮಧ್ಯಾಹ್ನದ ಹೊತ್ತಿಗೆ ಕೈಗವಸಿನೊಳಗೆ ಬೆವರು ತುಂಬಿ ಬೆರಳು ಬಿಳುಚಿಕೊಳ್ಳುತ್ತಿದ್ದವು. ಅದನ್ನೇ ತೊಳೆದು, ತಂತಿಗೆ ನೇತುಹಾಕಿ, ಎರಡು ಮುದ್ದೆ ನುಂಗಿ, ಮತ್ತೆ ಅದನ್ನೇ ಹಾಕಿಕೊಳ್ಳುತ್ತಿದ್ದಳು. ಮನೆಗೆ ಹೋದರೆ ಹಿತ್ತಲಲ್ಲೇ ನೀರು ಹುಯ್ದುಕೊಂಡು, ಮೊಮ್ಮಗಳನ್ನು ದೂರದಿಂದಲೇ ಮಾತಾಡಿಸುತ್ತಿದ್ದಳು.

ಮೊದಲ ವಾರವೇ ಇನ್ಶೂರೆನ್ಸ್ ಸ್ಟಾಫ್ ಕಾಲೋನಿಯ ವಿಭಾ ತನ್ನ ಮಗ ಭಾರ್ಗವನನ್ನು ಕರೆದುಕೊಂಡು ಬಂದಳು. ಜಟ್ಟೆಮ್ಮ ಟಾರ್ಚು ಹಿಡಿದು ಬಂದದ್ದೇ ತಡ, ಮಗನನ್ನು ಹಿಂದಕ್ಕೆ ಎಳೆದುಕೊಂಡಳು.

"ಏನ್ ಡಾಕ್ಟ್ರೇ ಇದು? ಇವಳ ಕೈಲಾ ನೋಡ್ಸೋದು?" ಆಮೇಲೆ ಜಟ್ಟೆಮ್ಮನ ಕಡೆ ತಿರುಗಿ, "ನಿಮ್ ಕಡೆಯವ್ರು ಹಂದಿ ಸಾಕ್ತಾರಂತಲ್ಲ?"

"ಸಾಕ್ತಿದ್ರು ಅಮ್ಮ. ಹೋದ್ ತಿಂಗ್ಳು ಮಾರ್ಬಿಟ್ರು," ಎಂದಳು ಜಟ್ಟೆಮ್ಮ. "ಒಂದ್ ಹಂದೀಗೂ ಕೆಮ್ಮಿರ್ಲಿಲ್ಲ. ನಿಮ್ ಮಗ ಬೆಳಿಗ್ಗೆಯಿಂದ ಎಷ್ಟ್ ಸಲ ಕೆಮ್ಮಿದಾನೆ?"

ಬೆಂಚಿನ ಮೇಲಿದ್ದವರು ಮಾಸ್ಕಿನೊಳಗೇ ನಕ್ಕರು. ಡಾಕ್ಟರು ನಗಲಿಲ್ಲ. ಮಾರನೆಯ ದಿನದಿಂದ ಕಾಲೋನಿಯ ಮಕ್ಕಳಿಗೆ ಹಿತ್ತಲ ಬಾಗಿಲು ತೆರೆಯಿತು. ಫೋನ್ ಮಾಡಿ ಬರಬೇಕು, ಇನ್ನೂರೈವತ್ತು ಕೊಡಬೇಕು. ಅಲ್ಲಿ ಡಾಕ್ಟರು ಹೊಸ ಕೈಗವಸು ಹಾಕಿ, ಬಿಲ್ಲೆ ಬೆಚ್ಚಗೆ ಮಾಡಿ, ತಾವೇ ನೋಡುತ್ತಿದ್ದರು. ಕಾಲೋನಿಯವರ ಮಕ್ಕಳ ಕೆಮ್ಮಿನಿಂದ ಅವರ ಮೊಮ್ಮಗುವಿಗೆ ಏನೂ ಆಗುತ್ತಿರಲಿಲ್ಲವೋ ಏನೋ.

ಮುಂಬಾಗಿಲು ಉಳಿದವರಿಗೆ. ಉಳಿದವರಿಗೆ ಜಟ್ಟೆಮ್ಮ.

ಒಂದು ಶುಕ್ರವಾರ ಮೆಹರುನ್ನೀಸಾ ಬಂದಳು. ಪಾಳ್ಯದ ಗಾರ್ಮೆಂಟ್ಸಿನಲ್ಲಿ ಷರಟಿಗೆ ಗುಂಡಿ ಹೊಲಿಯುವವಳು, ಜಟ್ಟೆಮ್ಮನ ಹಿಂದಿನ ಬೀದಿಯವಳು. ಜೊತೆಗೆ ಮಗಳು ಪರ್ವೀನ್. ಏಳನೇ ಕ್ಲಾಸು, ಶಾಲೆಯ ಸಮವಸ್ತ್ರದಲ್ಲೇ ಇದ್ದಳು. ಮೈ ಬೆಚ್ಚಗಿದೆ, ಡಾಕ್ಟರ ಚೀಟಿ ತಂದರೆ ಮಾತ್ರ ಒಳಗೆ ಎಂದು ಗೇಟಿನಿಂದಲೇ ವಾಪಸ್ ಕಳಿಸಿದ್ದರು.

"ಚೀಟಿ ಕೊಡ್ಸಕ್ಕಾ. ಅರ್ಧ ದಿನ ರಜಾ ಹಾಕ್ ಬಂದಿದೀನಿ. ಸೂಪ್ರವೈಸರ್ ಬಾಯಿಗೆ ಬಂದಂಗೆ ಬೈತಾನೆ," ಎಂದಳು ಮೆಹರುನ್ನೀಸಾ.

ಪರ್ವೀನ್ ಬೆಂಚಿನ ಮೇಲೆ ಕೂತಿರಲಿಲ್ಲ. ಗೋಡೆ ಹಿಡಿದು, ಬಲಗಡೆಗೆ ಬಾಗಿ ನಿಂತಿದ್ದಳು. ಜ್ವರ ನೂರಕ್ಕೆ ಎರಡು ಗೀಟು ಕಡಿಮೆ. ಗಂಟಲು ಶುದ್ಧವಾಗಿತ್ತು.

"ಯಾಕಮ್ಮಾ ಬಗ್ಗಿದೀಯ?"

"ಹೊಟ್ಟೆ ನೋವು ಆಂಟಿ. ನಿನ್ನೆ ಹೊಕ್ಕುಳ್ ಹತ್ರ ಇತ್ತು. ಈಗ ಇಲ್ಲಿ."

ಜಟ್ಟೆಮ್ಮ ಅವಳನ್ನು ಬೆಂಚಿನ ಮೇಲೆ ಮಲಗಿಸಿದಳು. ನಾಲ್ಕು ಬೆರಳು ಚಪ್ಪಟೆಯಾಗಿಟ್ಟಳು. ನಿಧಾನಕ್ಕೆ ಒತ್ತಿದಳು. ಹುಡುಗಿ ಹಲ್ಲು ಕಚ್ಚಿದಳು. ತಟ್ಟನೆ ಬಿಟ್ಟಳು.

ಪರ್ವೀನ್ ಕಿರುಚಿದಳು.

ಜಟ್ಟೆಮ್ಮ ಎದ್ದು ಗಾಜಿನ ಹತ್ತಿರ ಹೋದಳು. ಒಳಗೆ ಫ್ಯಾನು ಗರಗರ ಅನ್ನುತ್ತಿತ್ತು. ಹೊರಗೆ ಲಾರಿಯೊಂದು ಹಾರನ್ ಒತ್ತಿ ಹಿಡಿದಿತ್ತು. ಅವಳ ಬಾಯಿಗೆ ಮಾಸ್ಕು, ಅವರ ಬಾಯಿಗೆ ಮಾಸ್ಕು, ನಡುವೆ ಗಾಜು.

"ಹೊಟ್ಟೆ ಮುಟ್ನೋಡಿ ಸಾ."

"ಏನು?"

"ಹೊಟ್ಟೆ ಸಾ! ಮುಟ್ನೋಡಿ!"

ಡಾಕ್ಟರು ಏನೋ ಕೇಳಿದರು. 'ಮುಟ್ನೋಡ್ದ್ಯಾ' ಎಂದು ಅವಳಿಗೆ ಕೇಳಿಸಿತು. ನೀನು ಮುಟ್ಟಿ ನೋಡಿದೆಯಾ ಎಂದು ಕೇಳುತ್ತಿದ್ದಾರೆ.

"ಹೂಂ ಸಾ," ಎಂದಳು.

"ಎಷ್ಟು ದಿನದಿಂದ?"

"ನಿನ್ನೆಯಿಂದ."

"ಈ ವಯಸ್ಸಲ್ಲಿ ಇದ್ದಿದ್ದೇ. ನಾಚ್ಕೋಬಾರ್ದು ಅಂತ ಹೇಳು ಅವಳಿಗೆ."

ಹೊಟ್ಟೆನೋವಿಗೆ ಯಾಕೆ ನಾಚಿಕೆ ಎಂದು ಜಟ್ಟೆಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ತಟ್ಟೆಯಲ್ಲಿ ಎರಡು ಚೀಟಿ ಬಂದವು. ಒಂದು ಮಾತ್ರೆಗೆ, ಒಂದು ಶಾಲೆಗೆ. ಕಲಿತವರಿಗೆ ಗೊತ್ತಿರುತ್ತದೆ ಎಂದುಕೊಂಡಳು. ಹನ್ನೊಂದು ವರ್ಷ ಹಾಗೇ ಅಂದುಕೊಂಡು ಬಂದವಳು, ಅವತ್ತೂ ಅಂದುಕೊಂಡಳು. ಮೆಹರುನ್ನೀಸಾ ಇನ್ನೂರೈವತ್ತು ರೂಪಾಯಿ ಎಣಿಸಿ ತಟ್ಟೆಗೆ ಹಾಕಿದಳು. ಜಟ್ಟೆಮ್ಮ ಸ್ಪಿರಿಟ್ ಚಿಮುಕಿಸಿದಳು.

ಹುಡುಗಿ ಚೆನ್ನಾಗಿದ್ದಾಳೆ ಎಂದು ಶಾಲೆಯ ಚೀಟಿಯಲ್ಲಿತ್ತು.

ಸೋಮವಾರ ಹತ್ತು ಗಂಟೆಗೆ ಮೆಹರುನ್ನೀಸಾ ಮಗಳನ್ನು ಆಟೋದಲ್ಲಿ ತಂದಳು. ಪರ್ವೀನ್‌ಗೆ ನಡೆಯಲು ಆಗುತ್ತಿರಲಿಲ್ಲ. ತುಟಿ ಒಣಗಿ ಬಿರಿದಿತ್ತು. ಕಣ್ಣು ಒಳಕ್ಕೆ ಹೋಗಿದ್ದವು. ಬಾಯಿಂದ ಹುಳಿ ನಾತ.

"ಶನಿವಾರ ಇಸ್ಕೂಲಲ್ಲೇ ವಾಂತಿ ಮಾಡ್ಕೊಂಡ್ಳು ಅಕ್ಕಾ. ಭಾನುವಾರ ಬೆಳಿಗ್ಗೆ ನೋವು ನಿಂತೋಯ್ತು ಅಂದ್ಳು. ಅಲ್ಲಾ ಕಾಪಾಡ್ದ ಅಂದ್ಕೊಂಡೆ. ಮಧ್ಯಾಹ್ನದಿಂದ ಹಿಂಗೆ." ಅವಳು ಮಾತ್ರೆಯ ಹಾಳೆ ಮುಂದೆ ಹಿಡಿದಳು. "ಹೊತ್ತೊತ್ತಿಗೆ ಕೊಟ್ಟಿದೀನಿ. ಒಂದೂ ತಪ್ಸಿಲ್ಲ."

ಜಟ್ಟೆಮ್ಮ ಹೊಟ್ಟೆಯ ಮೇಲೆ ಕೈ ಇಟ್ಟಳು. ಒತ್ತುವ ಹಾಗೇ ಇರಲಿಲ್ಲ. ರೊಟ್ಟಿ ತಟ್ಟುವ ಹಲಗೆಯಂತಿತ್ತು. ಥರ್ಮಾಮೀಟರಿನಲ್ಲಿ ನೂರಾಮೂರು.

ಅವಳು ಮಾತ್ರೆಯ ಹಾಳೆ ಕಿತ್ತುಕೊಂಡು ಪಕ್ಕದ ಮೆಡಿಕಲ್ ಷಾಪಿಗೆ ಓಡಿದಳು. ಇಂಗ್ಲಿಷು ಅವಳಿಗೆ ಬಾರದು. ಷಾಪಿನ ಪೀರಪ್ಪ ಕನ್ನಡಕ ಏರಿಸಿ ನೋಡಿದ.

"ಇದಾ? ಹೆಣ್ಮಕ್ಕಳ ತಿಂಗಳ ನೋವಿಂದು. ಮುಟ್ಟಿನ ನೋವು ಅಂತಾರಲ್ಲ, ಅದಕ್ಕೆ."

ಮುಟ್ಟಿನ ನೋವು. ಮುಟ್ನೋವು. ಜಟ್ಟೆಮ್ಮ ಬಾಯಲ್ಲೇ ಹೇಳಿ ನೋಡಿದಳು. ಡಾಕ್ಟರು ಕೇಳಿದ್ದು 'ಮುಟ್ನೋಡ್ದ್ಯಾ' ಅಂತ ಅಲ್ಲ. 'ಮುಟ್ನೋವಾ' ಅಂತ. ಅದಕ್ಕೆ ತಾನು ಹೂಂ ಅಂದಿದ್ದಳು.

ವಾಪಸ್ ಬಂದು ಮೆಹರುನ್ನೀಸಾಳ ಕಿವಿಯಲ್ಲಿ ಕೇಳಿದಳು. "ಇವ್ಳು ದೊಡ್ಡೋಳಾಗಿ ಎಷ್ಟ್ ದಿನ ಆಯ್ತು?"

ಮೆಹರುನ್ನೀಸಾ ಕಣ್ಣು ಬಿಟ್ಟಳು. "ಅದಿನ್ನೂ ಶುರೂನೇ ಆಗಿಲ್ಲ ಅಕ್ಕಾ. ಯಾಕೆ?"

ಜಟ್ಟೆಮ್ಮ ಗಾಜಿನ ಹತ್ತಿರ ಹೋಗಿ ಬಡಿದಳು. ಒಳಗೆ ಡಾಕ್ಟರು ಹಿತ್ತಲ ಕಡೆ ತಿರುಗಿದ್ದರು. ಯಾರೋ ಕಾಲೋನಿಯವರು ಬಂದಿದ್ದರು.

"ಸಾ! ಶುಕ್ರವಾರದ ಹುಡ್ಗಿ. ತಪ್ಪಾಗೋಗಿದೆ ಸಾ. ಬಂದ್ ನೋಡಿ."

"ಜ್ವರ ಎಷ್ಟು?" ತಿರುಗಿ ನೋಡದೆ ಕೇಳಿದರು.

"ನೂರಾಮೂರು. ಆದ್ರೆ ಸಾ, ಅದು..."

"ನೂರಾಮೂರಾ? ಸಸ್ಪೆಕ್ಟ್ ಕೇಸು. ಇಲ್ಲಿ ಕೂರಿಸ್ಬೇಡ. ಸರ್ಕಾರಿ ಆಸ್ಪತ್ರೆಗೆ ಕಳ್ಸು, ಹಂದಿಜ್ವರದ ಲೈನಿಗೆ ನಿಲ್ಲಲಿ. ಬೆಂಚಿಗೆ ಫಿನಾಯಿಲ್ ಹಾಕು."

ಆ ಲೈನು ಹೇಗಿದೆ ಎಂದು ಟಿವಿಯಲ್ಲಿ ದಿನವೂ ತೋರಿಸುತ್ತಿದ್ದರು. ಬೆಳಿಗ್ಗೆ ನಿಂತವರು ಸಂಜೆ ಒಳಗೆ ಹೋಗುತ್ತಿದ್ದರು.

"ಜಟ್ಟೆಮ್ಮಾ, ಕೇಳಿಸ್ತಾ? ಫಿನಾಯಿಲು."

ಕೇಳಿಸಿತು. ಈ ಸಲ ಒಂದಕ್ಷರವೂ ತಪ್ಪದೆ ಕೇಳಿಸಿತು.

"ಹಾಕಲ್ಲ," ಎಂದಳು.

ಪರ್ವೀನ್‌ಳ ತೊಡೆಯ ಕೆಳಗೊಂದು ಕೈ, ಬೆನ್ನ ಕೆಳಗೊಂದು ಕೈ ಕೊಟ್ಟು ಎತ್ತಿದಳು. ಐವತ್ತೆರಡು ವರ್ಷದ ಸೊಂಟ ಕಟಕಟ ಅಂದಿತು. ಹುಡುಗಿ ನರಳಿದಳು. "ಬಾ ಮೆಹ್ರು," ಎಂದು ಮುಂಬಾಗಿಲಿಂದ ಹೊರಬಿದ್ದಳು. ಡಾಕ್ಟರ ಕಾರು ದಾಟಿ, ತುಳಸಿ ಕುಂಡ ದಾಟಿ, ಗೋಡೆ ಸುತ್ತಿಕೊಂಡು ಹಿತ್ತಲಿಗೆ ನಡೆದಳು. ಕಾಲೋನಿಯವರ ಬಾಗಿಲನ್ನು ಮೊಣಕಾಲಿಂದ ತಳ್ಳಿದಳು.

ಒಳಗೆ ಮೇಜಿನ ಮೇಲೆ ಭಾರ್ಗವ ಕೂತಿದ್ದ. ಡಾಕ್ಟರ ಕೈ ಅವನ ಎದೆಯ ಮೇಲಿತ್ತು. ಪಕ್ಕದಲ್ಲಿ ವಿಭಾ.

"ಇಳಿಯಪ್ಪಾ ಮರಿ," ಎಂದಳು ಜಟ್ಟೆಮ್ಮ. ಹುಡುಗ ಬೆದರಿ ಇಳಿದ. ಅವಳು ಪರ್ವೀನ್‌ಳನ್ನು ಮೇಜಿನ ಮೇಲೆ ಮಲಗಿಸಿದಳು.

"ಅಯ್ಯೋ! ಏನಿದು ಡಾಕ್ಟ್ರೇ!" ವಿಭಾ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಅಂಟಿದಳು. ಡಾಕ್ಟರು ಇನ್ನೊಂದು ಗೋಡೆಗೆ ಅಂಟಿದರು.

"ತಲೆ ಕೆಟ್ಟಿದ್ಯಾ ನಿಂಗೆ? ಹೊರಗೆ ತಗೊಂಡ್ ಹೋಗು! ಹೊರಗೆ!"

"ಮುಟ್ಟಿ. ನೋಡಿ. ಸಾ." ಬಿಡಿಬಿಡಿಯಾಗಿ, ಮಾಸ್ಕು ಕಿತ್ತು ಹೇಳಿದಳು. "ಶುಕ್ರವಾರಾನೂ ಇದೇ ಅಂದಿದ್ದು. ನಿಮಗೆ ಮುಟ್ಟಿನ ನೋವು ಅಂತ ಕೇಳ್ಸಿದೆ. ಈ ಹುಡ್ಗಿ ಇನ್ನೂ ಮುಟ್ಟೇ ಆಗಿಲ್ಲ."

"ನೀನೇ ಹೂಂ ಅಂದೆ."

"ಅಂದೆ. ನಂದೂ ತಪ್ಪು. ಈಗ ಮುಟ್ಟಿ."

"ಜಟ್ಟೆಮ್ಮಾ, ಅವಳಿಗೆ ನೂರಾಮೂರು ಜ್ವರ. ನಾನು..."

"ಈಗ್ ತಾನೆ ಆ ಹುಡ್ಗನ ಎದೆ ಮೇಲಿತ್ತಲ್ಲ, ಆ ಕೈ. ಅದು ಇವಳಿಗ್ ಯಾಕಿಲ್ಲ?"

ಡಾಕ್ಟರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಮೆಹರುನ್ನೀಸಾ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ದಾರಿಯನ್ನೂ ಬಿಡಲಿಲ್ಲ.

ಜಟ್ಟೆಮ್ಮ ಎರಡು ಹೆಜ್ಜೆ ಮುಂದೆ ಹೋಗಿ ಡಾಕ್ಟರ ಮಣಿಕಟ್ಟು ಹಿಡಿದಳು. ಒದೆಯುವ ಮಕ್ಕಳ ಕಾಲು ಹಿಡಿದು ಅಭ್ಯಾಸವಾದ ಕೈ ಅದು. ಅವರು ಕೊಸರಿದರು. ಬಿಡಲಿಲ್ಲ. ಎಳೆದು ತಂದು, ಅವರ ಅಂಗೈಯನ್ನು ಹುಡುಗಿಯ ಹೊಟ್ಟೆಯ ಮೇಲೆ ಇಟ್ಟಳು. ಅದರ ಮೇಲೆ ತನ್ನ ಕೈ ಇಟ್ಟಳು.

ಆಮೇಲೆ ಒತ್ತಬೇಕಾಗಲಿಲ್ಲ. ಆ ಬೆರಳುಗಳಿಗೆ ತಮ್ಮ ಕೆಲಸ ನೆನಪಿತ್ತು. ತಾವಾಗಿ ಚಪ್ಪಟೆಯಾದವು. ಎಡಕ್ಕೆ ಹೋದವು, ಬಲಕ್ಕೆ ಬಂದವು, ನಿಂತವು.

"ಅಪೆಂಡಿಕ್ಸು," ಎಂದರು ಡಾಕ್ಟರು. "ಒಡೆದಿದೆ." ಆಮೇಲೆ ಹಳೆಯ ದನಿಯಲ್ಲಿ, "ನೂರಾಎಂಟಕ್ಕೆ ಫೋನ್ ಮಾಡು. ಬೇಗ."

ಟಿನ್ ಫ್ಯಾಕ್ಟರಿಯಲ್ಲಿ ಜಾಮು. ಹಲಸೂರಿನಲ್ಲಿ ಮೆಟ್ರೋ ಕಂಬಕ್ಕೆ ಅಗೆದ ಗುಂಡಿ. ಆಂಬುಲೆನ್ಸ್ ಶಿವಾಜಿನಗರದ ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ. ದಾರಿಯುದ್ದಕ್ಕೂ ಪರ್ವೀನ್ ಜಟ್ಟೆಮ್ಮನ ಹೆಬ್ಬೆರಳು ಹಿಡಿದುಕೊಂಡಿದ್ದಳು. ಅಲ್ಲಿ ಎಳೆ ವಯಸ್ಸಿನ ಹುಡುಗಿಯಂಥ ಸರ್ಜನ್ನು ಬರಿಗೈಯಲ್ಲೇ ಹೊಟ್ಟೆ ಮುಟ್ಟಿ, ಮಾತ್ರೆಯ ಹಾಳೆ ನೋಡಿ, ಸಿಟ್ಟಿನಿಂದ ಕೇಳಿದಳು.

"ಕೀವು ತುಂಬಿದೆ ಹೊಟ್ಟೇಲಿ. ಶುಕ್ರವಾರ ಇವಳನ್ನ ಯಾರ್ರೀ ನೋಡಿದ್ದು?"

"ನಾನಮ್ಮ," ಎಂದಳು ಜಟ್ಟೆಮ್ಮ.

"ನೀವು ಡಾಕ್ಟ್ರಾ?"

"ಆಯಾ."

ಸರ್ಜನ್ನು ಅವಳ ಮುಖವನ್ನೇ ನೋಡಿದಳು. ಟ್ರಾಲಿಯನ್ನು ತಾನೇ ತಳ್ಳಿಕೊಂಡು ಒಳಗೆ ಓಡಿದಳು.

ಗುರುವಾರ ಜಟ್ಟೆಮ್ಮ ಕೆಲಸಕ್ಕೆ ಹೋದಾಗ ಗಾಜಿನ ಕಿಂಡಿಯಿಂದ ತಟ್ಟೆ ಹೊರಗೆ ಬಂತು. ಅದರಲ್ಲಿ ಒಂದು ಹಾಳೆ, ಒಂದು ಪೆನ್ನು.

"ಸೈನ್ ಹಾಕು," ಎಂದರು ಡಾಕ್ಟರು. ಅವತ್ತು ಫ್ಯಾನು ನಿಲ್ಲಿಸಿದ್ದರು. "ಸುಮ್ನೆ ಒಂದು ರೆಕಾರ್ಡಿಗೆ. ಹಾಕಿದ್ರೆ ಮೊನ್ನೆ ನೀನು ಆಡಿದ್ದನ್ನ ಮರೀತೀನಿ. ಮುಂದಿನ ತಿಂಗಳಿಂದ ಐನೂರು ಜಾಸ್ತಿ."

ಹಾಳೆ ಕನ್ನಡದಲ್ಲಿತ್ತು. ಜಟ್ಟೆಮ್ಮ ಅಕ್ಷರ ಕೂಡಿಸಿ ಓದಬಲ್ಲಳು. ಎದುರಿಗೆ ನಿಂತೇ ಓದಿದಳು. ಬಹಳ ಹೊತ್ತು ಹಿಡಿಯಿತು. ರೋಗಿಗೆ ಮುಟ್ಟಿನ ನೋವು ಎಂದು ತಾನೇ ತಿಳಿಸಿದ್ದಾಗಿಯೂ, ಡಾಕ್ಟರು ನೋಡುವುದು ಬೇಡ ಎಂದು ರೋಗಿಯ ತಾಯಿಯೇ ಹೇಳಿದ್ದಾಗಿಯೂ ಅದರಲ್ಲಿತ್ತು.

"ಮೆಹ್ರು ಹೆಸ್ರು ಯಾಕ್ ತಂದ್ರಿ ಸಾ ಇದ್ರಲ್ಲಿ?"

"ಅದೆಲ್ಲ ಫಾರ್ಮಾಲಿಟಿ."

"ನಾನ್ ಹೂಂ ಅಂದಿದ್ದು ನಿಜ. ಬರೀರಿ, ಹಾಕ್ತೀನಿ. ಗಾಜಿನ ಆಚೆ ಕೂತು ಕೇಳಿದ್ರಿ ಅಂತಾನೂ ಬರೀರಿ. ಶುಕ್ರವಾರ ಆ ಹುಡ್ಗೀನ ಮುಟ್ಟಲಿಲ್ಲ ಅಂತಾನೂ ಬರೀರಿ. ಎರಡೂ ಬರೆದ್ರೆ ಎರಡು ಸೈನ್ ಹಾಕ್ತೀನಿ."

"ನನ್ನ ಕೈ ಹಿಡಿದು ಎಳೆದಿದೀಯ ನೀನು. ವಿಭಾ ಅವರ ಎದುರಿಗೆ. ಪೊಲೀಸಿಗೆ ಕೊಡಬಹುದಿತ್ತು."

"ಕೊಡಿ ಸಾ. ಯಾಕ್ ಎಳೆದೆ ಅಂತ ಅವರೂ ಕೇಳ್ತಾರಲ್ಲ."

ಡಾಕ್ಟರು ಮೆಲ್ಲಗೆ, "ನಾಳೆಯಿಂದ ಬರಬೇಡ," ಎಂದರು.

ಜಟ್ಟೆಮ್ಮ ತಂತಿಯ ಮೇಲಿದ್ದ ಕೈಗವಸು ತೆಗೆದು ತಟ್ಟೆಗೆ ಹಾಕಿದಳು. ಸ್ಪಿರಿಟ್ ಬಾಟಲಿ ಎತ್ತಿ ಅದರ ಮೇಲೆ ಚಿಮುಕಿಸಿದಳು. ತಟ್ಟೆಯನ್ನು ಒಳಗೆ ತಳ್ಳಿದಳು. ಬಾತ್‌ರೂಮಿನ ಕಿಟಕಿಯಿಂದ ತನ್ನ ಲೋಟ ತೆಗೆದುಕೊಂಡು ಹೊರಟಳು.

ಪಾಳ್ಯದಲ್ಲಿ ಸುದ್ದಿ ಬೇರೆಯಾಗಿ ಹರಡಿತು. ಬರೀ ಮುಟ್ಟಿಯೇ ಅಪೆಂಡಿಕ್ಸು ಅಂತ ಹೇಳಿಬಿಟ್ಟರಂತೆ, ಅನಂತರಾಮು ಡಾಕ್ಟರ ಕೈಗುಣದಿಂದ ಆ ಹುಡುಗಿ ಬದುಕಿತು ಎಂದು ಜನ ಮಾತಾಡಿಕೊಂಡರು. ಪೀರಪ್ಪನೇ ಇದನ್ನು ಜಟ್ಟೆಮ್ಮನಿಗೆ ಹೇಳಿ ನಕ್ಕ. ಅವಳು ರಸ್ತೆಯ ಬದಿಗೆ ಉಗಿದಳು.

ಪರ್ವೀನ್ ಇಪ್ಪತ್ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಬದುಕಿದಳು. ಹೊಟ್ಟೆಯ ಮೇಲೆ ಗೇಣುದ್ದದ ಹೊಲಿಗೆ ಉಳಿಯಿತು. ಏಳನೇ ಕ್ಲಾಸಿನ ವರ್ಷ ಹೋಯಿತು. ಮೆಹರುನ್ನೀಸಾಳ ಗುಂಡಿ ಹೊಲಿಯುವ ಕೆಲಸ ಹೋಯಿತು. ಜಟ್ಟೆಮ್ಮನ ಹನ್ನೊಂದು ವರ್ಷದ ಕೆಲಸ ಹೋಯಿತು. ನವೆಂಬರಿನಲ್ಲಿ ಡಾಕ್ಟರು ಗಾಜು ತೆಗೆಸಿದರು. ಫೀಸು ನೂರರಲ್ಲೇ ಉಳಿಯಿತು. ಅವರದು ಏನೂ ಹೋಗಲಿಲ್ಲ.